ಡ್ರೈಯರಿನೊಳಗಿನ ಸಾಕ್ಷಿ

ನಿವೃತ್ತ ಪೊಲೀಸ್ ಸಾಹೇಬರೊಬ್ಬರ ಮನೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಕೈಕೊಟ್ಟಿತು. ಎರಡು ಗಂಟೆ ತಿರುಗಿದರೂ ಬಟ್ಟೆ ಹಸಿಹಸಿ. ಸುಟ್ಟ ವಾಸನೆ ಬೇರೆ.

“ಕದ್ದು ನಿನ್ನ ಬಟ್ಟೆ ಹಾಕಿ ಕೆಡಿಸಿದ್ದೀಯ!” ಸಾಹೇಬರು ಕೆಲಸದ ಚಿಕ್ಕತಾಯಮ್ಮನ ಮೇಲೆ ಗುಡುಗಿದರು. “ಒಪ್ಪಿಕೋ. ಇಲ್ಲಾಂದ್ರೆ ಸ್ಟೇಷನ್‌ಗೆ ನಡಿ.”

ಸ್ಟೇಷನ್ ಅಂದಕೂಡಲೇ ಅವಳ ನಾಲಿಗೆ ಒಣಗಿತು. ಅಂದು ಆ ಮನೆಯಲ್ಲಿ ಒಣಗಿದ್ದು ಅದೊಂದೇ. ಆದರೂ, ದಿನಾ ಆ ಬಟ್ಟೆ ಮಡಿಸುವವಳಿಗೆ ಒಂದು ಗುಮಾನಿ ಇತ್ತು.

“ನಾನು ಮಿಷನ್ ಮುಟ್ಟಲ್ಲ ಸಾಹೇಬ್ರೇ,” ಅಂದಳು. “ಒಳಗೊಂದು ಜಾಲರಿ ಇದೆ. ಬಟ್ಟೆಯಿಂದ ಉದುರಿದ್ದೆಲ್ಲ ಅದರಲ್ಲೇ ನಿಲ್ಲುತ್ತೆ. ಅಮ್ಮಾವ್ರ ಎದುರಿಗೆ ನೀವೇ ಎಳೆದು ನೋಡಿ. ಯಾರು ಏನು ಹಾಕಿದ್ರು ಅಂತ ಅದೇ ಹೇಳುತ್ತೆ.”

ಸಾಹೇಬರು ಹೆಂಡತಿಯನ್ನು ಕೂಗಿ ಕರೆದರು. ಮಹಜರು ಮಾಡುವ ಗತ್ತಿನಲ್ಲಿ ಜಾಲರಿ ಎಳೆದರು. ಗಾಳಿಯೂ ನುಸುಳದ ಹಾಗೆ, ಕಂಬಳಿಯಷ್ಟು ದಪ್ಪಗೆ ಕಂದು ಕೂದಲು!

ಮೂಲೆಯಲ್ಲಿ ತನ್ನ ಹಾಸಿಗೆಯ ಮೇಲೆ ಮಲಗಿದ್ದ ಸಾಹೇಬರ ಕಂದು ನಾಯಿ ಬಾಲ ಅಲ್ಲಾಡಿಸಿತು.

“ನನ್ನ ಮಡಿಸೀರೆ ಒಣಗೋ ಮಿಷನ್‌ಗೆ ನಾಯಿ ಹಾಸಿಗೆ ಹಾಕಿದ್ರಾ?” ಅಮ್ಮಾವ್ರು ಬಹಳ ಮೆಲ್ಲಗೆ ಕೇಳಿದರು.

ಸಾಹೇಬರು ಜಾಲರಿಯನ್ನು ಬೆನ್ನ ಹಿಂದೆ ಅಡಗಿಸಿದರು. ಚಿಕ್ಕತಾಯಮ್ಮನ ಕಡೆ ವಾಲಿ ಪಿಸುಗುಟ್ಟಿದರು: “ತಾಯೀ, ಸ್ಟೇಷನ್‌ಗೆ ನಡಿ. ನಾನೂ ಬರ್ತೀನಿ.”