ಹೆಸರು ಗಟ್ಟಿಯಾಗಿ ಹೇಳಿ

ಏಪ್ರಿಲ್ ಹನ್ನೊಂದು, ಸುಡುಬಿಸಿಲು. ಊರವರು ಸಂಬಳವಿಲ್ಲದೆ ನಡೆಸುವ ಪ್ರಾಣಿಗಳ ಆಶ್ರಯಧಾಮಕ್ಕೆ ನಗರಸಭೆ ಸದಸ್ಯ ಚನ್ನಬಸಪ್ಪ ಬಂದರು.

"ಆ ಬಿಳಿ ನಾಯಿಮರಿ ಕೊಡಿ. ಇಲ್ಲದಿದ್ದರೆ ನಾಳೆಯಿಂದ ನಿಮಗೆ ನೀರಿಲ್ಲ."

ಗೂಡು ತೊಳೆಯುತ್ತಿದ್ದ ಕೆಂಚಮ್ಮನಿಗೆ ಅವರ ಕಾರಿನ ಗುರುತು ಸಿಕ್ಕಿತು. ಹೋದ ವರ್ಷ ಗೇಟಿಗೆ ಕುರುಡು ನಾಯಿಯನ್ನು ಕಟ್ಟಿ ಓಡಿದವರ ಕಾರು ಅದೇ. ಆ ನಾಯಿ ಈವರೆಗೂ ಯಾರು ಯಾವ ಹೆಸರಿಟ್ಟು ಕರೆದರೂ ಎದ್ದಿರಲಿಲ್ಲ. ಅವಳು ಹಲ್ಲು ಕಚ್ಚಿ, ಮರಿ ಒಯ್ಯುವವರು ತುಂಬಬೇಕಾದ ಅರ್ಜಿ ಹಿಡಿದಳು.

"ಮೊದಲು ನಾಯಿ ಸಾಕಿದ್ರಾ, ಸ್ವಾಮಿ?"

"ಸಾಕದೆ? ನನ್ನ ತೊಡೆ ಮೇಲೇ ಪ್ರಾಣ ಬಿಡ್ತು."

"ಹೆಸರು? ಗಟ್ಟಿಯಾಗಿ ಹೇಳಿ, ನನಗೆ ಕಿವಿ ಮಂದ."

"ಸರದಾರ!"

ಮೂಲೆಯಿಂದ ಕುರುಡು ನಾಯಿ ಎದ್ದು ಬಂದು ಅವರ ಬೂಟಿನ ಮೇಲೆ ತಲೆಯಿಟ್ಟಿತು.

"ಸತ್ತದ್ದು ತೊಡೆ ಹುಡುಕ್ಕೊಂಡು ಬಂದಿದೆ, ಸ್ವಾಮಿ. ಇದನ್ನೂ ಅರ್ಜೀಲಿ ಬರೀಲಾ?"

ಚನ್ನಬಸಪ್ಪ ಮರಿಯನ್ನೂ ನೀರನ್ನೂ ಮರೆತು ಕಾರು ಹತ್ತಿದರು. ಸರದಾರ ಇಲ್ಲಿ ಉಂಡ ವರ್ಷದ ಅನ್ನಕ್ಕೆ ಅವರು ತೆತ್ತದ್ದು ಆ ಹೆಸರೊಂದೇ.