ನಾಲೆ ಏರಿ ಹಿಡಿದು ಹೋದ ಸೈಕಲ್ಲು

ಒಂದು ಹಳೇ ಲೇಡೀಸ್ ಸೈಕಲ್ಲು ಹೊತ್ತು ಹುಟ್ಟೋ ಮೊದಲೇ ಮನೆ ಬಿಟ್ಟು ಹೊರಟಿತು. ಸುಮ್ಮನೆ ಹೊರಟಿದ್ದಲ್ಲ. ದೂರದ ಊರಲ್ಲಿದ್ದ ಅದರ ಅಕ್ಕನನ್ನು ಮಾರನೆಯ ದಿನ ಗುಜರಿಗೆ ಹಾಕುತ್ತಾರೆ ಅಂತ ಸುದ್ದಿ ಬಂದಿತ್ತು.

ಹೆದ್ದಾರಿ ಕರೆಯಿತು. ಮೊನ್ನೆ ಮೊನ್ನೆ ಡಾಂಬರು ಬಳಿದುಕೊಂಡ ಅದರ ಬಿಂಕ ನೋಡಬೇಕಿತ್ತು! "ನೆಟ್ಟಗೆ ನನ್ನ ಮೇಲೆ ಬಾರೇ. ನಡುವೆ ಒಂದು ದಿಬ್ಬ, ಒಂದು ಫ್ಲೈಓವರ್, ಅಷ್ಟೇ."

"ಏರು ಹತ್ತಿದರೆ ನನ್ನ ಚೈನು ತುಂಡಾಗುತ್ತೆ ಕಣಮ್ಮ. ಲಾರಿ ಕಂಡರಂತೂ ಮೈಯೆಲ್ಲ ನಡುಕ."

ಪಕ್ಕದಿಂದ ನಾಲೆ ಏರಿಯ ಮಣ್ಣುದಾರಿ ಮೆಲ್ಲಗೆ ಅಂದಿತು: "ನನ್ನ ಜೊತೆ ಬಾ ತಾಯಿ. ನೀರು ದಿಬ್ಬ ಹತ್ತೋದಿಲ್ಲ, ಅದರ ಪಕ್ಕ ನಡೆಯೋ ನಾನೂ ಹತ್ತೋದಿಲ್ಲ. ಸುತ್ತಾಗುತ್ತೆ, ಆದರೆ ಸಂಜೆಯೊಳಗೆ ತಲುಪಿಸ್ತೀನಿ."

ಹೆದ್ದಾರಿ ಕಿಸಕ್ಕನೆ ನಕ್ಕಿತು. "ಅಯ್ಯೋ, ಆ ಮುದುಕನ ಜೊತೆಗಾ? ಕದ್ದು ಓಡಾಡೋ ಜೋಡಿಗಳೆಲ್ಲ ಅವನ ಮೇಲೇ ಕಣೇ. ಮಾನ ಹೋದೀತು!"

ಮಾನದ ಮಾತು ಕೇಳಿ ಸೈಕಲ್ಲು ಒಂದು ಗಳಿಗೆ ನಿಂತಿತು. ಆಮೇಲೆ ಏರಿಯ ಕಡೆಗೇ ಹ್ಯಾಂಡಲ್ ತಿರುಗಿಸಿತು. ಹೆದ್ದಾರಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಹೋಗುವ ಲಾರಿಗೆಲ್ಲ ಹೇಳಿ ಕಳಿಸಿತು.

ಹಾಗಾಗಿ ಸಂಜೆ ಸೈಕಲ್ಲು ಅಕ್ಕನ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ತುಕ್ಕು ಹಿಡಿದು ಗೋಡೆಗೆ ಒರಗಿದ್ದ ಅಕ್ಕ ಕೇಳಿತು: "ಯಾವನೋ ಮುದುಕನ ಜೊತೆ ಓಡಿಹೋದೆಯಂತಲ್ಲೇ! ಊರೆಲ್ಲ ಅದೇ ಮಾತು."

"ಬಾಯಿ ನೋಯೋ ತನಕ ಆಡಿಕೊಳ್ಳಲಿ ಬಿಡಕ್ಕ," ಎಂದಿತು ತಂಗಿ. "ನೀನು ಇನ್ನೂ ಇಲ್ಲೇ ಇದ್ದೀಯಲ್ಲ. ಸ್ವಲ್ಪ ಸರಿ, ನಾನೂ ಒರಗಿಕೊಳ್ತೀನಿ."