ದೋಣಿ ಕಟ್ಟುವವನ ಬೋಗಿ ಮರ

"ಗುರುಗಳೇ, ಸುಮ್ಮನೆ ಕೂತು ಉಣ್ಣುವವರನ್ನು ಮಠದಲ್ಲಿ ಎಷ್ಟು ದಿನ ಇಟ್ಟುಕೊಳ್ಳಬೇಕು?" ಎಂದು ಅನಂತಯ್ಯ ಕೇಳಿದ.

ಅವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಆ ವರ್ಷ ಅಕ್ಕಿ ಕಡಿಮೆ ಬಂದಿತ್ತು. ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ದುಗ್ಗಮ್ಮ ಎಂಬ ಮುದುಕಿ ಇದ್ದಳು. ಎರಡು ಹೊತ್ತು ಉಣ್ಣುತ್ತಿದ್ದಳು, ಉಳಿದ ಹೊತ್ತು ಗೋಡೆಗೊರಗಿ ಕೂರುತ್ತಿದ್ದಳು. ಅವಳಿಗೆ ಬೇರೆ ದಿಕ್ಕಿಲ್ಲವೆಂದು ಅನಂತಯ್ಯನಿಗೆ ಗೊತ್ತಿತ್ತು. ಆದರೂ ನಾಳೆಯಿಂದ ಇಲ್ಲಿರಬೇಡ ಎಂದು ಹೇಳಿಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಗುರುಗಳ ಒಪ್ಪಿಗೆಯೊಂದು ಬಾಕಿಯಿತ್ತು.

"ದುಗ್ಗಮ್ಮನ ವಿಷಯ ತಾನೇ?" ಎಂದರು ಗುರುಗಳು.

"ಹೌದು" ಎಂದ ಅನಂತಯ್ಯ.

"ಕೂತುಕೋ. ಅವಸರ ಅವಳಿಗೂ ಇಲ್ಲ, ನನಗೂ ಇಲ್ಲ" ಎಂದು ಗುರುಗಳು ಈ ಕತೆ ಹೇಳಿದರು.

ಕಡಲ ಕಡೆಯ ಊರಿನಲ್ಲಿ ಒಬ್ಬ ದೋಣಿ ಕಟ್ಟುವವನಿದ್ದ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಾಗೆಂದು ಎಲ್ಲರಿಗೂ ಹೇಳುತ್ತಿದ್ದವನು ಅವನೇ, ಅದು ಬೇರೆ ಮಾತು. ಅವನ ಹಿತ್ತಿಲಲ್ಲಿ ಒಂದು ಬೋಗಿ ಮರವಿತ್ತು. ಅವನು ಹುಟ್ಟಿದ ವರ್ಷ ಅವನ ತಾಯಿ ನೆಟ್ಟದ್ದು. ಬೋಗಿ ದೋಣಿಗೆ ಹೇಳಿ ಮಾಡಿಸಿದಂಥ ಮರ. ಊರ ಸುತ್ತಿನ ಎಷ್ಟೋ ಬೋಗಿಗಳನ್ನು ಕಡಿದ ಅವನ ಕೈ ಇದೊಂದನ್ನು ಮಾತ್ರ ಮುಟ್ಟಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವಳದೆಂದು ಅವನಿಗೆ ಉಳಿದದ್ದು ಆ ಮರ ಒಂದೇ.

ಪ್ರತಿ ಬೇಸಿಗೆಯಲ್ಲೂ ಕಂಬಳಿಹುಳಗಳು ಬಂದು ಅದರ ಎಲೆ ತಿನ್ನುತ್ತಿದ್ದವು. ಮಳೆ ಬಿದ್ದ ಮೇಲೆ ಮರ ಮತ್ತೆ ಚಿಗುರುತ್ತಿತ್ತು. ಒಂದು ವರ್ಷ ಹುಳಗಳು ವಿಪರೀತ ಬಂದವು. ಒಂದೆಲೆಯನ್ನೂ ಉಳಿಸಲಿಲ್ಲ. ಬರಿದಾದ ಕೊಂಬೆಗಳನ್ನು ನೋಡಿ ದೋಣಿಯವನು ಮರದ ಬಳಿಗೆ ಓಡಿದ. ಮೇಲಿನ ಹುಳಗಳು ಕೈಗೆ ಎಟುಕುವಂತಿರಲಿಲ್ಲ. ಬುಡವನ್ನಾದರೂ ನೋಡೋಣವೆಂದು ಮಣ್ಣು ಬಿಡಿಸಿದ. ಬೇರಿನ ತುದಿಗಳಿಗೆಲ್ಲ ಬಿಳಿ ನೂಲಿನಂಥದ್ದು ಸುತ್ತಿಕೊಂಡಿತ್ತು.

ಹಲಗೆಗೆ ಬಿಳಿ ಬೂಷ್ಟು ಹಿಡಿದರೆ ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತು. ಕೆರೆದು ತೆಗೆಯಬೇಕು, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಯಬೇಕು. ಇಲ್ಲದಿದ್ದರೆ ಹಲಗೆ ಕೊಳೆತು ದೋಣಿಗೆ ನೀರು ನುಗ್ಗುತ್ತದೆ. ಮೇಲೂ ಕಳ್ಳರು, ಕೆಳಗೂ ಕಳ್ಳರು ಎಂದುಕೊಂಡು ಅವನು ತೆಂಗಿನ ನಾರು ತಂದು ಬೇರು ಉಜ್ಜತೊಡಗಿದ.

ಆಗ ಅಣಬೆ ಹೆಕ್ಕುವ ಹೆಂಗಸೊಬ್ಬಳು ಆ ದಾರಿಯಲ್ಲಿ ಬಂದಳು. ಮೊದಲ ಮಳೆಗೆ ಬೋಗಿಯ ಬುಡದ ಮಣ್ಣಿನಲ್ಲಿ ಕಲ್ಲಣಬೆ ಆಗುತ್ತದೆ. ವರ್ಷವೂ ಅವಳು ಅಲ್ಲಿ ಕೆದಕಿ ಒಯ್ಯುತ್ತಿದ್ದಳು.

"ಅಣ್ಣಾ, ಅದನ್ನು ಕೆರೆಯಬೇಡಿ. ಅದು ಅಣಬೆಯ ನೂಲು. ಮರ ತನ್ನ ಸಿಹಿಯನ್ನು ಅದಕ್ಕೆ ಉಣಿಸುತ್ತದೆ, ಅದು ಕಲ್ಲಿನ ಸಂದಿಯಿಂದಲೂ ನೀರು ಹುಡುಕಿ ಮರಕ್ಕೆ ಕುಡಿಸುತ್ತದೆ. ಹುಳ ತಿಂದ ಮೇಲೂ ಮರ ಚಿಗುರುವುದು ಅದರ ಬಲದಿಂದ" ಎಂದಳು.

"ನಿನಗೆ ಅಣಬೆ ತಪ್ಪೀತೆಂಬ ಚಿಂತೆ. ನಲವತ್ತು ವರ್ಷ ಮರದ ಜೊತೆ ಬದುಕಿದವನಿಗೆ ಮರದ ವಿಷಯ ಕಲಿಸಲು ಬಂದೆಯಾ?"

"ನೀವು ಬಲ್ಲದ್ದು ಕಡಿದ ಮರವನ್ನು, ಅಣ್ಣಾ" ಎಂದು ಅವಳು ಹೊರಟುಹೋದಳು.

ಮಾತು ಚುಚ್ಚಿತು. ಚುಚ್ಚಿದ್ದಕ್ಕೇ ಅವನು ಇನ್ನಷ್ಟು ಬಲವಾಗಿ ಉಜ್ಜಿದ. ಮೂರು ದಿನ ಬುಡದ ಸುತ್ತ ಅಗೆದು, ಸಿಕ್ಕ ಬೇರನ್ನೆಲ್ಲ ತಿಕ್ಕಿ, ಗೇರೆಣ್ಣೆ ಬಳಿದು ಮಣ್ಣು ಮುಚ್ಚಿದ. ಪ್ರೀತಿಯಿಂದಲೇ ಮಾಡಿದ, ಪಾಪ. ಅದರಲ್ಲಿ ಎರಡು ಮಾತಿಲ್ಲ.

ಮಳೆ ಬಿತ್ತು. ಊರಿನ ಬೋಗಿಗಳನ್ನೆಲ್ಲ ಹುಳ ತಿಂದಿತ್ತು, ಎಲ್ಲವೂ ಚಿಗುರಿದವು. ಅವನ ಮರ ಚಿಗುರಲಿಲ್ಲ. ಅವನು ದಿನಾ ಬೆಳಿಗ್ಗೆ ಹೋಗಿ ತೊಗಟೆಯನ್ನು ಉಗುರಿನಿಂದ ಗೀರಿ, ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದ. ದೀಪಾವಳಿಯ ಹೊತ್ತಿಗೆ ಗೀರುವ ಕೆಲಸ ಉಳಿಯಲಿಲ್ಲ, ತೊಗಟೆ ತಾನಾಗಿಯೇ ಕಳಚಿ ಬಿತ್ತು. ಮುಂದಿನ ಬೇಸಿಗೆಯಲ್ಲಿ ಒಂದು ಕಂಬಳಿಹುಳವೂ ಆ ಕಡೆ ಬರಲಿಲ್ಲ. ದೋಣಿ ಕಟ್ಟುವವನು ಮರದ ಬುಡದಲ್ಲಿ ಕೂತು ತಾಯಿ ಸತ್ತ ದಿನ ಅತ್ತಂತೆ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಅನಂತಯ್ಯನಿಗೆ ಮರದ ಮೇಲೆ ಮರುಕ ಬಂದಿತ್ತು. ಆದರೆ ಹೊಣೆ ಹೊತ್ತವನು ಅಷ್ಟು ಸುಲಭವಾಗಿ ಕರಗಬಾರದು ಎಂದೂ ಅನ್ನಿಸಿತು.

"ಮಣ್ಣೊಳಗೆ ನಡೆಯುವುದು ಅವನಿಗೆ ಕಾಣುವಂತಿರಲಿಲ್ಲ, ಗುರುಗಳೇ. ದುಗ್ಗಮ್ಮ ಹಾಗಲ್ಲ. ಹಗಲಿಡೀ ನನ್ನ ಕಣ್ಣೆದುರೇ ಇರುತ್ತಾಳೆ. ನಾನು ಬಂದಾಗಿನಿಂದ ಅವಳು ಮಾಡಿದ್ದೊಂದನ್ನೂ ನಾನು ಕಾಣೆ" ಎಂದ.

"ನೀನು ಬಂದ ವರ್ಷ, 'ಈ ಹುಡುಗ ಉಣ್ಣುವುದಕ್ಕಷ್ಟೇ ಬಂದವನು, ಕಳಿಸಿಬಿಡಿ' ಎಂದು ಮಠದವರೆಲ್ಲ ಹಟ ಹಿಡಿದಾಗ, ಬೇಡವೆಂದು ನನ್ನ ಕಾಲು ಹಿಡಿದವಳು ಅವಳೊಬ್ಬಳೇ" ಎಂದರು ಗುರುಗಳು.